ಮೂಲೆಮನೆ ಅತ್ತೆ

ಜನವರಿ ೧೯

ಅಕ್ಕಾ,

ಫೋನ್ ಇರುವಾಗ ಕಾಗದ ಯಾತಕ್ಕೆ ಎಂದು ನೀನು ಹುಬ್ಬು ಗಂಟಿಕ್ಕಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೇಳುತ್ತೇನೆ, ಗಾಬರಿಯಾಗಬೇಡ. ಹೊಸ ಆಫೀಸಿನಲ್ಲಿ ಬೆಳಿಗ್ಗೆ ಬಾಗಿಲಲ್ಲೇ ಫೋನ್ ತೆಗೆದುಕೊಂಡು ನಂಬರ್ ಹಾಕಿದ ಚೀಲದಲ್ಲಿ ಇಡುತ್ತಾರೆ. ಸಂಜೆ ಕೊಡುತ್ತಾರೆ, ನಿಜ. ಆದರೆ ಹಾಸ್ಟೆಲ್ಲೂ ಅವರದೇ, ಇಂಟರ್ನೆಟ್ಟೂ ಅವರದೇ. ಹೋದ ವಾರ ನನ್ನ ಕೋಣೆಯ ಹುಡುಗಿ ಊಟ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಅವಳ ಅಣ್ಣನಿಗೆ ಫೋನಿನಲ್ಲಿ ಹೇಳಿಕೊಂಡಳು. ಮರುದಿನ ಮೇಲ್ವಿಚಾರಕರು ಅವಳ ಮೇಜಿನ ಹತ್ತಿರ ನಿಂತು, "ಊಟ ಸೇರ್ತಾ ಇಲ್ವೇನಮ್ಮಾ?" ಎಂದು ಕೇಳಿದರು. ಬೈಯಲಿಲ್ಲ, ನಕ್ಕರು. ಅವರು ದನಿ ಎತ್ತಿದ್ದನ್ನು ಇಲ್ಲಿ ಯಾರೂ ಕೇಳಿಲ್ಲ. ನಾವು ಅವರನ್ನು ಮೆಲುದನಿ ಎಂದು ಕರೆಯುತ್ತೇವೆ, ಹಾಗೆ ಕರೆಯುವುದೂ ಮೆಲ್ಲಗೇ.

ಕೆಲಸ ಬರೆಯುವುದೇ. ರೇಡಿಯೋ ನಾಟಕಗಳಿಗೆ ಬರೆಯುತ್ತಿದ್ದೆನಲ್ಲ, ಹೆಚ್ಚು ಕಡಿಮೆ ಹಾಗೇ. ಜನ ಮಾತಾಡುವ ಹಾಗೆ ಬರೆಯಬೇಕು. ಯಾರಿಗೆ, ಏನು ಎಂದು ಕೇಳಬೇಡ. ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದಾರೆ. ನಾಟಕ ವಿಭಾಗ ಮುಚ್ಚಿದ ಮೇಲೆ ನಿನ್ನ ಕನ್ನಡಕದ ಅಂಗಡಿಯಲ್ಲಿ ಕೂತು ಬಂದವರಿಗೆ ಕನ್ನಡಿ ಹಿಡಿಯುತ್ತಿದ್ದೆ. ಈಗ ನನ್ನ ಬರವಣಿಗೆಯನ್ನು ಯಾರೋ ಕಾಸು ಕೊಟ್ಟು ಕೇಳುತ್ತಿದ್ದಾರೆ. ಅಷ್ಟು ಸಾಕು ಅನಿಸುತ್ತದೆ. ದಿನದ ಕೊನೆಗೆ ಯಾಕೋ ಕೈಕಾಲು ತಣ್ಣಗಾಗುತ್ತವೆ, ಎ.ಸಿ. ಇರಬೇಕು.

ಹಾಸ್ಟೆಲ್ಲಿನ ಹಿಂದಿನ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಜ್ಜಿಯೊಬ್ಬಳಿದ್ದಾಳೆ. ಅಂಗಡಿ ತುಂಬ ಅಂಟಿನ ವಾಸನೆ, ಕೂರಲು ಒಂದು ಮುಕ್ಕಾಲಿ. ಭಾನುವಾರ ಹೋಗಿ ಕೂರುತ್ತೇನೆ. "ನಿಂಗೆ ಬರೋ ಕಾಗದ ನನ್ನ ಹೆಸರಿಗೆ ಬರ್ಲಿ ಬಿಡು" ಎಂದಿದ್ದಾಳೆ. ವಿಳಾಸ ಹಿಂದೆ ಬರೆದಿದ್ದೇನೆ. ಕನ್ನಡಕದ ನಂಬರ್ ಮತ್ತೆ ಏರಿದೆ. ಡಾಕ್ಟರ ಚೀಟಿ ಇಟ್ಟಿದ್ದೇನೆ, ಬೈಯದೆ ಹೊಸದು ಮಾಡಿಕೊಡು.

ನಿನ್ನ
ಪುಟ್ಟಿ


ಫೆಬ್ರವರಿ ೧೧

ಸೋಡಾಬುಡ್ಡಿ,

ನಿನ್ನ ಕಾಗದ ಕೊಟ್ಟ ಅಂಚೆಯವ ನನ್ನ ಮುಖವನ್ನೇ ನೋಡುತ್ತ ನಿಂತ. "ಅಕ್ಕಾ, ಬ್ಯಾಂಕಿನವ್ರು ಬಿಟ್ಟು ಬೇರೆಯವ್ರೂ ಕಾಗದ ಬರೀತಾರಾ?" ಎಂದ. ಪ್ರೇಮಪತ್ರ ಕಣೋ ಎಂದು ಕಳಿಸಿದೆ. ಅವನು ಅದನ್ನು ಬೀದಿಗೆಲ್ಲ ಹಂಚಿರುತ್ತಾನೆ.

ಕನ್ನಡಕ ಕಳಿಸಿದ್ದೇನೆ. ಎಡಗಣ್ಣಿಗೆ ಇಷ್ಟು ದಪ್ಪ ಗಾಜು ಹಾಕಿ ನಾನು ಅರೆದದ್ದು ನಮ್ಮ ಹೆಡ್ಮಾಸ್ಟರಿಗೆ ಮಾತ್ರ, ಅವರಿಗೆ ಎಂಬತ್ತಾಗಿತ್ತು. ಇಡೀ ದಿನ ಪರದೆ ನೋಡುವುದು ಎಂಥ ಕೆಲಸವೋ.

ಇಲ್ಲಿ ಊರಿಗೆ ಊರೇ ಕಚ್ಚಾಡುತ್ತಿದೆ. ಮೇ ತಿಂಗಳಲ್ಲಿ ಪುರಸಭೆ ಚುನಾವಣೆ. ನಮ್ಮ ಹಳೇ ಮಾರ್ಕೆಟ್ ಕೆಡವಬೇಕೋ ಬೇಡವೋ ಎನ್ನುವುದೇ ದೊಡ್ಡ ಮಾತು. ಕೆಡವಿದರೆ ನನ್ನ ಅಂಗಡಿಯೂ ಅದರ ಜೊತೆ ಹೋಯಿತು. ಫೋನಿನಲ್ಲಿ 'ಊರ ಜಗಲಿ' ಎಂಬ ಗುಂಪು ಇದೆಯಲ್ಲ, ಅಲ್ಲಿ ಎಲ್ಲರೂ ಜಗಳಕ್ಕೆ ಬೀಳುತ್ತಾರೆ. ಹಿಂದೆಂದೂ ಕಾಣದ ಮುಖಗಳು ಬಂದು "ಕೆಡವಿ, ಕೆಡವಿ" ಎನ್ನುತ್ತಿವೆ. ಎದುರು ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಿನಗೆ ನೆನಪಿರಬೇಕು. ಓದುವ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬಂದು ಅರ್ಧ ದಿನ ಕೂರುವವರು. ಅವರು ಆ ಮುಖಗಳನ್ನು ದೊಡ್ಡದು ಮಾಡಿ ನನಗೆ ತೋರಿಸಿದರು. "ಈ ಮನುಷ್ಯನ ಎರಡು ಕಿವಿ ನೋಡಿ, ಒಂದೇ ತಾಯಿ ಹೆತ್ತ ಹಾಗಿದೆಯಾ?" ನಾನು ಕಿವಿ ನೋಡಲಿಲ್ಲ, ಕನ್ನಡಕ ನೋಡಿದೆ. ಅದರ ಕಡ್ಡಿ ಕಿವಿಯ ಮೇಲೆ ಕೂತಿಲ್ಲ ಕಣೆ, ಕೂದಲಲ್ಲಿ ಕರಗಿ ಹೋಗಿದೆ! ಅಂಥ ಕನ್ನಡಕ ಜಗತ್ತಿನಲ್ಲಿ ಯಾರೂ ಮಾಡಿಲ್ಲ. ಅವು ಯಂತ್ರ ಹುಟ್ಟಿಸಿದ ಮುಖಗಳಂತೆ, ಹಿಂದೆ ಯಾರೋ ಸಂಬಳಕ್ಕೆ ಕೂತು ಬರೆಯುತ್ತಾರಂತೆ. ಮೇಷ್ಟ್ರು ಆ ಕಿವಿಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದು ಗುಂಪಿಗೆ ಹಾಕುತ್ತಿದ್ದಾರೆ. ಜನ ನಕ್ಕು ನಕ್ಕು ಸುಸ್ತು.

ಒಳ್ಳೆಯದೂ ಒಂದಿದೆ. ಅಲ್ಲಿ 'ಮೂಲೆಮನೆ ಅತ್ತೆ' ಎಂಬ ಹೆಸರಿನಲ್ಲಿ ಒಬ್ಬಾಕೆ ಬರೆಯುತ್ತಾಳೆ. ಮುಖ ಹಾಕಿಲ್ಲ, ಹೊಸ್ತಿಲ ಹತ್ತಿರ ಬಿಟ್ಟ ಒಂದು ಜೊತೆ ಚಪ್ಪಲಿಯ ಚಿತ್ರ. ಮಾರ್ಕೆಟ್ ಉಳಿಯಬೇಕು ಎನ್ನುವವಳು. ಮೊನ್ನೆ ಯಾರೋ ಜಂಭ ಕೊಚ್ಚಿಕೊಂಡದ್ದಕ್ಕೆ, "ನಿನ್ನ ಮಾತಿಗೆ ಬರೀ ಕಾಜಾನೇ ಇದೆಯಲ್ಲಪ್ಪಾ, ಗುಂಡಿ ಎಲ್ಲಿ?" ಎಂದು ಕೇಳಿದಳು. ನಾನು ಜೋರಾಗಿ ನಕ್ಕೆ. ಆಮೇಲೆ ಒಳಗೆ ಹೋಗಿ ಕಣ್ಣೀರು ಹಾಕಿದೆ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಹೊಲಿಗೆ ಮಿಷನ್ನಿನ ಮುಂದೆ ಕೂತು ಬಟ್ಟೆ ವ್ಯಾಪಾರಿಗೆ ಅವಳು ಹೇಳುತ್ತಿದ್ದ ಮಾತು ಇನ್ನೊಬ್ಬರ ಬಾಯಲ್ಲಿ ಬಂದೀತೆಂದು ನಾನು ಎಣಿಸಿರಲಿಲ್ಲ. ಎಲ್ಲರನ್ನೂ ಅನುಮಾನಿಸುವ ಮೇಷ್ಟ್ರೇ, "ಈಯಮ್ಮ ಮಾತ್ರ ಅಸಲಿ. ಇಂಥ ಮಾತನ್ನ ಯಾವ ಆಫೀಸೂ ತಯಾರು ಮಾಡಕ್ಕಾಗಲ್ಲ" ಎಂದುಬಿಟ್ಟರು.

ಹೊಟ್ಟೆ ತುಂಬ ತಿನ್ನು.

ನಿನ್ನ ಅಕ್ಕ


ಮಾರ್ಚ್ ೨

ಅಕ್ಕಾ,

ಕನ್ನಡಕ ಸಿಕ್ಕಿತು. ಸರಿಯಾಗಿ ಕೂತಿದೆ. ನೀನು ಮೂಗಿನ ಅಳತೆ ಕೇಳದೆಯೇ ಮಾಡಿದ್ದೀಯ.

ನನ್ನದೊಂದು ಮಾತು ನಡೆಸಿಕೊಡು. ಆ ಗುಂಪಿನಿಂದ ಹೊರಗೆ ಬಾ. ಯಾಕೆ ಎಂದು ಕೇಳಬೇಡ. ಮೇಷ್ಟ್ರಿಗೂ ಹೇಳು, ಕಿವಿ ಮೂಗು ಬರೆಯುವುದನ್ನು ಶಾಲೆಯ ಮಕ್ಕಳಿಗೆ ಕಲಿಸಿದರೆ ಸಾಕು. ಅವರು ಒಳ್ಳೆಯವರು. ಒಳ್ಳೆಯವರಿಗೆ ಬೆನ್ನಿನ ಹಿಂದೆ ಕಣ್ಣಿರುವುದಿಲ್ಲ.

ಮೂಲೆಮನೆ ಅತ್ತೆಯ ಬಗ್ಗೆ ಏನು ಹೇಳಲಿ? ಅಮ್ಮನ ಹಾಗೆ ಮಾತಾಡುವವರು ಎಲ್ಲೋ ಇರಬಹುದು. ಇದ್ದರೆ ಇರಲಿ. ನೀನು ಅವಳ ಹತ್ತಿರ ಹೆಚ್ಚು ಮಾತು ಬೆಳೆಸಬೇಡ.

ಇಲ್ಲಿ ನನ್ನ ಕೆಲಸ ಬದಲಾಗಿದೆ. ನಾನು ಬರೆಯುತ್ತಿದ್ದುದನ್ನು ಪಕ್ಕದ ಕುರ್ಚಿಯ ಹುಡುಗಿಗೆ ಒಪ್ಪಿಸಿದ್ದಾರೆ. ಅವಳಿಗೆ ಕಲಿಸಲು ಒಂದು ವಾರ ಅವಳ ಪಕ್ಕದಲ್ಲೇ ಕೂತಿದ್ದೆ. ಚುರುಕು ಹುಡುಗಿ. ಎಲ್ಲಿ ಗದರಬೇಕು, ಗದರಿದ ಮೇಲೆ ಎಲ್ಲಿ ಮೆತ್ತಗಾಗಬೇಕು ಎಂದು ಒಂದು ಸಲ ಹೇಳಿದರೆ ಹಿಡಿದುಕೊಳ್ಳುತ್ತಾಳೆ. ಶುಕ್ರವಾರ ಅವಳು ಬರೆದದ್ದನ್ನು ಓದಿದಾಗ ನಾನು ಬರೆದದ್ದೋ ಅವಳದೋ ಎಂದು ಗುರುತು ಸಿಗಲಿಲ್ಲ. ಅಷ್ಟು ಚೆನ್ನಾಗಿತ್ತು. ಮೆಲುದನಿಯವರು ನನ್ನ ಭುಜ ತಟ್ಟಿದರು. ಆಮೇಲೆ ನನ್ನನ್ನು ಬೇರೆ ಮೇಜಿಗೆ ಕಳಿಸಿದರು, ಅಲ್ಲಿಂದ ಅವಳ ಪರದೆ ಕಾಣುವುದಿಲ್ಲ.

ಮನೆಗೆ ಬರೋಣ ಅನಿಸುತ್ತದೆ. ರಜೆ ಕೇಳಿದರೆ ಕಾರಣ ಕೇಳುತ್ತಾರೆ.

ಪುಟ್ಟಿ


ಮಾರ್ಚ್ ೨೩

ಪುಟ್ಟೀ,

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ಹೆದರುಪುಕ್ಕಲಿ ಎಂದು ಬೈದುಕೊಂಡೆ. ಈಗ ನಾನೇ ಹೆದರಿ ಬರೆಯುತ್ತಿದ್ದೇನೆ.

ಮೇಷ್ಟ್ರ ಮೇಲೆ ಎಂಥ ಮಾತು ಹಬ್ಬಿಸಿದರು ಎಂದು ಬರೆಯಲೂ ನಾಲಿಗೆ ಕಹಿಯಾಗುತ್ತದೆ. ಶಾಲೆಯ ಹೆಣ್ಣುಮಕ್ಕಳ ಚಿತ್ರ ಬರೆದು ಹೊರಗಿನವರಿಗೆ ಮಾರುತ್ತಾರಂತೆ. ಸೋಮವಾರ ಬೆಳಿಗ್ಗೆ ಒಬ್ಬ ಹಾಕಿದ. ಸಂಜೆಯೊಳಗೆ ಊರಿನ ಪ್ರತಿ ಫೋನಿಗೂ ಅದು ಬಂದಿತ್ತು. ನನ್ನ ಅಂಗಡಿಗೆ ಬಂದ ಹೆಂಗಸರೇ, ಅವರ ಮಕ್ಕಳಿಗೆ ಪುಕ್ಕಟೆ ಚಿತ್ರ ಕಲಿಸಿದ್ದನ್ನು ಮರೆತು, "ಬೆಂಕಿ ಇಲ್ದೆ ಹೊಗೆ ಏಳುತ್ತಾ" ಎಂದರು. ನಾನು ಯಾರ ಕೈಗೂ ಕನ್ನಡಕ ಕೊಡದೆ ಶಟರ್ ಎಳೆದೆ. ಬುಧವಾರ ಶಾಲೆಯವರು ಅವರನ್ನು ಮನೆಯಲ್ಲಿರಿ ಎಂದರು. ಅದೇ ದಿನ ಗುಂಪು ಕಟ್ಟಿಕೊಂಡು ಬಂದವರು ಅವರ ಬಾಡಿಗೆ ಮನೆಯ ಕಿಟಕಿಗಳನ್ನೆಲ್ಲ ಒಡೆದರು. ನಾನು ಬೀದಿಯ ತುದಿಯಲ್ಲಿ ನಿಂತು ನೋಡಿದೆ. ಅವರಲ್ಲಿ ಅರ್ಧ ಜನ ನನಗೆ ಪರಿಚಯದವರು, ಅದೇ ನನಗೆ ನಿದ್ದೆ ಕೆಡಿಸಿರುವುದು. ಪೊಲೀಸಿನವರು ಬಂದು, "ಸ್ವಲ್ಪ ದಿನ ಎಲ್ಲಾದ್ರೂ ಹೋಗಿ ಮೇಷ್ಟ್ರೇ" ಎಂದು ಅವರಿಗೇ ಬುದ್ಧಿ ಹೇಳಿ ಹೋದರು.

ಎಲ್ಲಿಗೆ ಹೋಗುತ್ತಾರೆ? ನಾನೇ ಅವರನ್ನು ನಮ್ಮ ಅಂಗಡಿಯ ಅಟ್ಟಕ್ಕೆ ಹತ್ತಿಸಿದ್ದೇನೆ. ಹಳೇ ಫ್ರೇಮಿನ ಡಬ್ಬಿಗಳನ್ನು ಒತ್ತರಿಸಿ ಹಾಸಿಗೆ ಹಾಕಿದೆ. ಹಗಲು ನಾನು ಗಾಜು ಅರೆಯುವಾಗ ಮಾತ್ರ ಅವರು ಮೇಲೆ ಓಡಾಡುತ್ತಾರೆ, ಸದ್ದಿನಲ್ಲಿ ಸದ್ದು ಸೇರಲಿ ಎಂದು. ನಿನ್ನೆ ಗಿರಾಕಿಯೊಬ್ಬ ಇರುವಾಗ ಮೇಲೆ ಕೆಮ್ಮು ಬಂತು. ನಾನೂ ಕೆಮ್ಮಿದೆ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ. ಗಿರಾಕಿ ಜೇನುತುಪ್ಪ ನೆಕ್ಕಿ ಎಂದು ಹೇಳಿ ಹೋದ. ಅವರು ಸಿಕ್ಕಿಬಿದ್ದರೆ ಜೀವ ಉಳಿಸುವುದಿಲ್ಲ ಪುಟ್ಟಿ. ಆ ಜನರ ಮುಖ ನಾನು ನೋಡಿದ್ದೇನೆ.

ನನಗೂ ಹೊಸ ಹೊಸ ನಂಬರಿನಿಂದ ಕರೆ ಬರುತ್ತಿದೆ. ಎತ್ತಿದರೆ ಬೈಗುಳ. ಗುರುತಿಲ್ಲದ ನಂಬರ್ ಎತ್ತುವುದನ್ನೇ ಬಿಟ್ಟಿದ್ದೇನೆ.

ಇಡೀ ಜಗಲಿಯಲ್ಲಿ ಅವರ ಪರವಾಗಿ ಒಂದು ಮಾತಾಡಿದವಳು ಮೂಲೆಮನೆ ಅತ್ತೆ ಒಬ್ಬಳೇ. ನನಗೆ ಬೇರೆಯಾಗಿಯೂ ಬರೆದಳು. ಮೊದಲು "ಉಂಡ್ಯಾ?" ಎಂದು ಕೇಳಿದಳು. ಆಮೇಲೆ ಮೇಷ್ಟ್ರು ಕ್ಷೇಮವೇ ಎಂದಳು. ಅಷ್ಟು ದಿನ ಎದೆಯಲ್ಲಿ ಇಟ್ಟುಕೊಂಡದ್ದು ಅವಳ ಹತ್ತಿರ ಬಂದುಬಿಟ್ಟಿತು. ಅಟ್ಟದ ವಿಷಯ ಗೊತ್ತಿರುವುದು ನನಗೆ, ನಿನಗೆ, ಅವಳಿಗೆ ಮಾತ್ರ. ಬೇರೆ ಊರಿಗೆ ಕಳಿಸಲು ದಾರಿ ನೋಡುತ್ತೇನೆ ಎಂದಿದ್ದಾಳೆ.

ನಿನ್ನ ಅಕ್ಕ


ಮಾರ್ಚ್ ೨೯

ಅಕ್ಕಾ, ಅಕ್ಕಾ,

ಈ ಕಾಗದ ಓದಿದ ಕೂಡಲೇ ಮೇಷ್ಟ್ರನ್ನು ಅಟ್ಟದಿಂದ ಬೇರೆ ಕಡೆಗೆ ಕಳಿಸು. ಎಲ್ಲಿಗೆ ಎಂದು ಯಾರಿಗೂ ಹೇಳಬೇಡ, ನನಗೂ ಹೇಳಬೇಡ. ಮಿಕ್ಕದ್ದನ್ನು ಆಮೇಲೆ ಓದು.

ಮೂಲೆಮನೆ ಅತ್ತೆ ಇಲ್ಲ. ಅಂಥ ಹೆಂಗಸು ಇಲ್ಲವೇ ಇಲ್ಲ. ಅವಳನ್ನು ಮಾಡಿದ್ದು ನಾನು.

ಇಲ್ಲಿ ಒಬ್ಬೊಬ್ಬರೂ ಹತ್ತಾರು ಜನರ ಹೆಸರಿನಲ್ಲಿ ಬರೆಯುತ್ತೇವೆ. ದುಡ್ಡು ಕೊಡುವವರು ಯಾರೆಂದು ನಮಗೆ ಹೇಳುವುದಿಲ್ಲ. ಬೈಯುವವರನ್ನು ತಯಾರಿಸುವುದು ಸುಲಭ, ಅದಕ್ಕೆ ಯಾರಾದರೂ ಆಗುತ್ತದೆ. ಜನ ನಂಬುವಂಥವರನ್ನು ತಯಾರಿಸುವುದು ಕಷ್ಟ, ಅದಕ್ಕೆ ನನ್ನನ್ನು ತೆಗೆದುಕೊಂಡರು. ಮಾರ್ಕೆಟ್ ಉಳಿಯಲಿ ಎನ್ನುವ ಒಬ್ಬ ಹಿರಿಯ ಹೆಂಗಸು ಬೇಕು, ಎಲ್ಲರೂ ಅವಳನ್ನು ಹಚ್ಚಿಕೊಳ್ಳಬೇಕು, ಚುನಾವಣೆ ಹತ್ತಿರ ಬಂದಾಗ ಅವಳೇ ಕಣ್ಣೊರೆಸಿಕೊಂಡು "ಹೋಗ್ಲಿ ಬಿಡಿ, ಕೆಡವ್ಲಿ" ಅನ್ನಬೇಕು. ಅದು ಅವರ ಲೆಕ್ಕ. ನನಗೆ ಬೇರೆ ಹೆಂಗಸು ತೋಚಲಿಲ್ಲ ಅಕ್ಕಾ. ಅಮ್ಮನನ್ನೇ ಕೂರಿಸಿದೆ. ಅವಳು ನಮ್ಮಿಬ್ಬರನ್ನೂ ಗದರುತ್ತಿದ್ದುದು, ಬೈದ ಮೇಲೆ ಉಂಡ್ಯಾ ಎಂದು ಕೇಳುತ್ತಿದ್ದುದು, ಎಲ್ಲವನ್ನೂ ಕೊಟ್ಟೆ. ಮನೆಯಲ್ಲಿ ಅವಳ ಹಾಗೆ ಮಾತಾಡಿ ನಿನ್ನನ್ನು ನಗಿಸುತ್ತಿದ್ದೆನಲ್ಲ, ಹಾಗೆ. ಬರೆಯುವಾಗ ಅವಳು ಪಕ್ಕದಲ್ಲಿ ಕೂತಂತೆ ಆಗುತ್ತಿತ್ತು, ಅದಕ್ಕೇ ನಿಲ್ಲಿಸಲಾಗಲಿಲ್ಲ. ಅದು ನಮ್ಮೂರ ಜಗಲಿ ಎಂದು ತಿಳಿದ ದಿನವೇ ಎದ್ದು ಬರಬೇಕಿತ್ತು. ಬರಲಿಲ್ಲ. ಈಗ ಅಮ್ಮ ಪಕ್ಕದ ಕುರ್ಚಿಯ ಹುಡುಗಿಯ ಕೈಯಲ್ಲಿದ್ದಾಳೆ. ಆ ಹುಡುಗಿ ಏನು ಬರೆಯಬೇಕೆಂದು ಮೆಲುದನಿಯವರು ಹೇಳುತ್ತಾರೆ.

ಮೇಷ್ಟ್ರು ಬರೆದ ಕಿವಿಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರು ನಮ್ಮ ಮೇಜಿನ ಮೇಲೆ ಇಟ್ಟಿದ್ದರು. "ಚೆನ್ನಾಗಿ ಬರೀತಾರೆ ಅಲ್ವಾ? ಪರಿಚಯ ಮಾಡ್ಕೋಬೇಕು" ಎಂದರು. ಮೊನ್ನೆ ನಾನು ನೀರು ಕುಡಿಯಲು ಎದ್ದಾಗ ಆ ಹುಡುಗಿಯನ್ನು ಕೇಳುತ್ತಿದ್ದರು: "ಅತ್ತೆ ಈಗ ಕನ್ನಡಕದ ಅಂಗಡಿಯವ್ರ ಹತ್ರ ಮಾತಾಡ್ತಿದ್ದಾರಾ?" ನಾನು ಹಾದು ಹೋಗುವಾಗ ನನ್ನ ಕಡೆ ನೋಡಿ ನಕ್ಕರು. ನಾನು ನೀರು ಕುಡಿಯದೆಯೇ ಮೇಜಿಗೆ ಹಿಂದಿರುಗಿದೆ. ನೀನು ನನ್ನ ಅಕ್ಕ ಎಂದು ಅವರಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ.

ನನ್ನ ಫೋನನ್ನು ಅವರ ಚೀಲದಲ್ಲೇ ಬಿಟ್ಟು ಬಂದಿದ್ದೇನೆ. ಅಜ್ಜಿಯ ಅಂಗಡಿಯ ಫೋನಿನಿಂದ ನಿನಗೆ ಎಷ್ಟು ಸಲ ಮಾಡಿದೆ, ನೀನು ಎತ್ತಲಿಲ್ಲ. ಗುರುತಿಲ್ಲದ ನಂಬರ್ ಎತ್ತುವುದಿಲ್ಲ ಎಂದು ನೀನೇ ಬರೆದಿದ್ದೀಯಲ್ಲ. ನಾನೇ ಓಡಿ ಬರೋಣವೆಂದರೆ ನನ್ನ ಹಿಂದೆಯೇ ಅವರೂ ಬಂದಾರು. ಹಾಸ್ಟೆಲ್ಲಿಗೆ ಇನ್ನು ಹೋಗುವುದಿಲ್ಲ. ಅಜ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದೇನೆ, ನಿನ್ನ ಉತ್ತರ ಬರುವ ತನಕ ಇಲ್ಲೇ ಇರುತ್ತೇನೆ. ಬೀದಿಯಲ್ಲಿ ಗಾಡಿ ನಿಂತರೆ ಅಜ್ಜಿ ದೀಪ ಆರಿಸುತ್ತಾಳೆ.

ನನಗೆ ಎಷ್ಟು ಬೇಕಾದರೂ ಬೈ. ಮೊದಲು ಅವರನ್ನು ಕಳಿಸು. ಅವಳ ಹತ್ತಿರ ಇನ್ನೊಂದು ಮಾತಾಡಬೇಡ.

ಪುಟ್ಟಿ


ಏಪ್ರಿಲ್ ೬

ನನ್ನ ಪುಟ್ಟೀ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ನಿಂತು ಓದಿದೆ. ಗಿರಾಕಿಯನ್ನು ನಾಳೆ ಬಾ ಎಂದು ಕಳಿಸಿ ಶಟರ್ ಎಳೆದೆ.

ಕೈಬರಹ ನಿನ್ನದೇ. ಅದರಲ್ಲಿ ಅನುಮಾನವಿಲ್ಲ, 'ಷ್ಟ್ರ' ಬರೆಯಲು ನಿನಗೆ ಈಗಲೂ ಬರುವುದಿಲ್ಲ. ಆದರೆ ಆ ಮಾತು ನಿನ್ನದಲ್ಲ. ನಾನು ಒಂದು ದಿನವೆಲ್ಲ ಅದನ್ನು ಮುಂದಿಟ್ಟುಕೊಂಡು ಕೂತಿದ್ದೆ. ಏನು ಬರೆಯಬೇಕೆಂದು ಅಲ್ಲಿ ಮೆಲುದನಿಯವರೇ ಹೇಳುತ್ತಾರೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಈ ಕಾಗದವನ್ನೂ ಯಾರೋ ಕೊಟ್ಟಿರಬೇಕು, ಎದುರಿಗೆ ನಿಂತು ಬರೆಸಿರಬೇಕು. ಮೇಷ್ಟ್ರನ್ನು ಅಟ್ಟದಿಂದ ಬೀದಿಗೆ ಇಳಿಸಿದರೆ ಯಾರಿಗೆ ಲಾಭ, ಹೇಳು? ಕಿಟಕಿ ಒಡೆದವರಿಗೇ ತಾನೆ? ನೀನು ಬರೆದದ್ದು ನಿಜವಾದರೆ, ನೀನು ಅಮ್ಮನನ್ನು ಮಾರಿದ ಹಾಗಾಯಿತು. ಅಂಥವಳು ನನ್ನ ತಂಗಿಯಲ್ಲ. ಅಮ್ಮ ಹೋದ ದಿನ ಅವಳ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ಮಲಗಿದವಳು ನೀನು. ಆದ್ದರಿಂದ ಸುಳ್ಳು ಅಂದರೆ ಆ ಕಾಗದವೇ. ಇಷ್ಟು ಗೊತ್ತಾದ ಮೇಲೆ ಮನಸ್ಸಿಗೆ ಎಷ್ಟು ಹಗುರವಾಯಿತೋ, ಅಷ್ಟೇ ಭಯವಾಯಿತು. ನಿನ್ನನ್ನು ಯಾರು ಹಿಡಿದಿಟ್ಟುಕೊಂಡಿದ್ದಾರೆ ಪುಟ್ಟಿ?

ಅತ್ತೆಯನ್ನೇ ನೇರವಾಗಿ ಕೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. "ನಿನ್ ತಂಗಿ ಕೈಲಿ ಬರೆಸಿದಾರೆ ಕಣೇ. ಅವರ ಕೆಲಸಾನೇ ಅದು, ನಮ್ಮೋರ ಕೈಲೇ ನಮಗೆ ಬರೆಸೋದು. ಪಾಪ, ಆ ಕೂಸಿನ ಮೇಲೆ ಕೋಪ ಮಾಡ್ಕೋಬೇಡ" ಎಂದು ಬರೆದಳು. ನಾನು ಅತ್ತುಬಿಟ್ಟೆ. ನಿನ್ನನ್ನು ಕೂಸು ಎಂದು ಕರೆಯುವವರು ಇನ್ನು ಯಾರಿದ್ದಾರೆ?

ಮೇಷ್ಟ್ರಿಗೆ ನಿನ್ನ ಕಾಗದ ತೋರಿಸಲಿಲ್ಲ. ಮೊದಲೇ ಹೆದರಿ ಅರ್ಧವಾಗಿದ್ದರು. ನಿನ್ನೆ ಬೆಳಿಗ್ಗೆ ಅತ್ತೆ ಕಳಿಸಿದ ಗಾಡಿ ಮಾರ್ಕೆಟ್ಟಿನ ಹಿಂಬಾಗಿಲಿಗೆ ಬಂತು. ಇಬ್ಬರು ಗಂಡಸರು, ಮರ್ಯಾದಸ್ಥರು. ಒಬ್ಬನು ಮೇಷ್ಟ್ರ ಚೀಲವನ್ನು ತಾನೇ ಎತ್ತಿಕೊಂಡ. ಮೇಷ್ಟ್ರು ಗಾಡಿ ಹತ್ತುವ ಮೊದಲು ನನ್ನ ಕೈ ಹಿಡಿದುಕೊಂಡು, "ನಿಮ್ಮ ಋಣ ತೀರಿಸಕ್ಕಾಗಲ್ಲಮ್ಮಾ" ಎಂದರು. ಸ್ಕ್ರೂ ಬಿಗಿಸಿಟ್ಟಿದ್ದ ಕನ್ನಡಕವನ್ನು ಮರೆತೇ ಹೋದರು. ನಾನು ಹಿಡಿದುಕೊಂಡು ಓಡಿದೆ, ಅಷ್ಟರಲ್ಲಿ ಗಾಡಿ ತಿರುಗಿತ್ತು. ತಲುಪಿದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದರು. ಇನ್ನೂ ಮಾಡಿಲ್ಲ. ಸಿಗ್ನಲ್ ಇಲ್ಲದ ಊರಿರಬೇಕು. ಅತ್ತೆಯೂ ನಿನ್ನೆಯಿಂದ ಜಗಲಿಗೆ ಬಂದಿಲ್ಲ, ಅವಳೂ ಓಡಾಟದಲ್ಲಿರುತ್ತಾಳೆ.

ಇನ್ನು ನಿನ್ನ ಚಿಂತೆ ಬಿಡು. ನಿನ್ನನ್ನೂ ಅಲ್ಲಿಂದ ಬಿಡಿಸಬೇಕು ಎಂದು ಅತ್ತೆಯ ಹತ್ತಿರ ಮೊನ್ನೆಯೇ ಕೇಳಿಕೊಂಡೆ. ಅವಳ ಕಡೆಯವರು ನೀನಿರುವ ಊರಿನಲ್ಲೂ ಇದ್ದಾರಂತೆ. ರಟ್ಟಿನ ಅಜ್ಜಿಯ ಅಂಗಡಿ, ಹಿಂದಿನ ಕೋಣೆ, ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವರೂ ಅಲ್ಲಿಗೆ ಬಂದಿರುತ್ತಾರೆ. ಹೆದರಬೇಡ, ಬಾಗಿಲು ತೆರೆ, ಅವರ ಜೊತೆ ಹೊರಟು ಬಾ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ